ಫ್ರಿಜ್ಜಿನಲ್ಲಿದ್ದ ಗಮ್ಮು

ಕಳೆದ ವಾರ ಅತ್ತೆಯ ಬಿಪಿ ಮಾತ್ರೆ ತರಲು ಪುತ್ತೂರಿಗೆ ಹೋಗಿದ್ದೆ. ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ಒಬ್ಬಳು ಹುಡುಗಿ ನಿಂತಿದ್ದಳು. ಹುಡುಗಿ ಅಂದರೆ ಕರಿಮಣಿ ಹಾಕಿದವಳೇ, ಆದರೆ ನನ್ನ ವಯಸ್ಸಿಗೆ ಅವಳು ಹುಡುಗಿ. ಶಾಪಿನವರು ಒಳಗಿನ ಫ್ರಿಜ್ಜಿನಿಂದ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದು, ಐಸ್ ಪ್ಯಾಕಿನ ಜೊತೆ ಥರ್ಮೊಕೋಲ್ ಡಬ್ಬಿಗೆ ಇಳಿಸಿ, ಟೇಪ್ ಸುತ್ತಿ ಕೊಟ್ಟರು. ಕೊಡುವಾಗ, "ಸೀದಾ ಮನೆಗೆ ಹೋಗಿ ಫ್ರಿಜ್ಜಿನಲ್ಲಿಡಿ. ಫ್ರೀಜರಿಗೆ ಮಾತ್ರ ಹಾಕ್ಲಿಕ್ಕಿಲ್ಲ ಆಯ್ತಾ, ಹಾಳಾಗ್ತದೆ" ಅಂದರು.

ನನಗೆ ನಗು ಬಂತು. ಸಣ್ಣ ನಗುವಲ್ಲ, ಮೂಗಿನಿಂದ ಸದ್ದು ಬರುವಂಥದ್ದು. ಹುಡುಗಿ ತಿರುಗಿ ನೋಡಿದಳು, ಅವಳ ಮುಖ ಕೆಂಪಾಯಿತು. ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಅದರ ಮೇಲೆ ಶಾಲನ್ನು ತುರುಕಿ ಹೊರಗೆ ನಡೆದುಬಿಟ್ಟಳು. ಆ ಶಾಲು ತುರುಕುವ ರೀತಿ ನನಗೆ ಚೆನ್ನಾಗಿ ಪರಿಚಯವಿದ್ದದ್ದೇ. ಹಿಂದೆಯೇ ಓಡಿ, ನಿನ್ನನ್ನು ನೋಡಿ ನಕ್ಕದ್ದಲ್ಲ ಮಾರಾಯ್ತಿ ಅಂತ ಹೇಳದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಹಿಡಿದೆ. ಅಲ್ಲಿ ಏನಾಯಿತು ಅನ್ನುವುದು ಆಮೇಲೆ. ಮೊದಲು ಆ ನಗು ಎಲ್ಲಿಂದ ಬಂತು ಅಂತ ಹೇಳಬೇಕು, ಅದಕ್ಕೆ ಕೆಲವು ವರ್ಷ ಹಿಂದಿನ ಒಂದು ಬೇಸಿಗೆಗೆ ಹೋಗಬೇಕು.

ನಾನು ಟೈಲರ್. ಸವಣೂರು ಪೇಟೆಯಲ್ಲಿ ಮಹಡಿ ಮೇಲೆ ಒಂದೇ ಕೋಣೆಯ ಅಂಗಡಿ. ಎರಡು ಮೆಷಿನ್, ಒಂದು ಕನ್ನಡಿ, ಅಳತೆ ತೆಗೆಯಲು ಪರದೆ ಕಟ್ಟಿದ ಮೂಲೆ. ಬ್ಲೌಸ್ ಹೊಲಿಯುವವಳಿಗೆ ಊರಿನ ಎಷ್ಟೋ ಗುಟ್ಟು ತಾನಾಗಿ ಬಂದು ಸೇರುತ್ತದೆ. ಯಾರು ಬಸುರಿ ಅನ್ನುವುದು ಕೆಲವೊಮ್ಮೆ ಅವಳ ಗಂಡನಿಗಿಂತ ಮೊದಲು ನನ್ನ ಅಳತೆ ಟೇಪಿಗೆ ತಿಳಿದಿರುತ್ತದೆ. "ಸ್ವಲ್ಪ ಲೂಸ್ ಇಡಿ ವೇದಕ್ಕ, ಒಳಗೆ ಬಟ್ಟೆ ಬಿಡಿ" ಅಂದರೆ ಸಾಕು. ಹಾಗೆ ಹೇಳಿದವಳೇ ಮರುಕ್ಷಣ ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸುತ್ತಿದ್ದಳು. "ನಿಮಗೆ ವಿಶೇಷ ಎಂತದೂ ಇಲ್ವಾ?" ನಮ್ಮ ಕಡೆ ಬಸುರಿಗೆ ವಿಶೇಷ ಅಂತಲೇ ಹೆಸರು. ಮದುವೆಯಾಗಿ ಏಳೆಂಟು ವರ್ಷ ಕಳೆದವಳಿಗೆ ಆ ಪ್ರಶ್ನೆ ಜ್ವರದ ಮಾತ್ರೆಯ ಹಾಗೆ, ದಿನಕ್ಕೆ ಮೂರು ಹೊತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರೆ ಉತ್ತರ ಕೊಡಬೇಕಾಗಿಲ್ಲ ಎಂಬುದನ್ನು ನಾನು ಬೇಗ ಕಲಿತೆ.

ಗಂಡ ಜಗದೀಶ ಲೈನ್‌ಮನ್. ಒಳ್ಳೆಯ ಮನುಷ್ಯ, ಆದರೆ ಗಾಳಿ ಬೀಸಿದರೆ ನನ್ನವರಲ್ಲ, ಊರಿನವರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆಯ ಮನೆಮಾತು ತುಳು. ನಾನು ಸುಳ್ಯದ ಕಡೆಯವಳು, ನನ್ನದು ಅರೆಭಾಷೆ. ಮದುವೆಯ ಹೊಸದರಲ್ಲಿ ಇಬ್ಬರೂ ನಡುವೆ ಕನ್ನಡ ಹಿಡಿದೆವು, ಅದೇ ಉಳಿಯಿತು. ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ ಜಗಳಕ್ಕೆ ಮಾತು ಬೇಗ ಸಿಗುವುದಿಲ್ಲ. ನಮ್ಮ ಮನೆಯ ಶಾಂತಿಗೆ ಅದೂ ಒಂದು ಕಾರಣ ಇರಬಹುದು.

ಮಗುವಿನ ಮಾತೆತ್ತಿ ಅತ್ತೆ ಒಮ್ಮೆಯೂ ನನ್ನನ್ನು ಚುಚ್ಚಿದವರಲ್ಲ. ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗಿ ಆಶ್ಲೇಷ ಬಲಿ ಮಾಡಿಸಿದ್ದರು, ಹರಕೆ ಹೇಳಿಕೊಂಡಿದ್ದರು, ಅಷ್ಟೆ. ನನಗೆ ಕಷ್ಟವಾದದ್ದು ಅದೇ. ಮೊದಲು ಮಾತ್ರೆಯ ಚಿಕಿತ್ಸೆ ನಡೆಯುವಾಗ ಪ್ರತಿ ತಿಂಗಳು ನಾನು ಮುಟ್ಟಾದ ದಿನ ಅವರು ಹಿತ್ತಲಿಗೆ ಹೋಗಿ, ಒಗೆಯಬೇಕಿಲ್ಲದ ಬಟ್ಟೆಯನ್ನೂ ಒಗೆಯುತ್ತ ಕೂರುತ್ತಿದ್ದರು. ಕಣ್ಣು ಕೆಂಪಾಗಿ ಒಳಗೆ ಬರುತ್ತಿದ್ದರು. ನನ್ನ ದುಃಖವನ್ನು ನಾನು ಹೇಗೋ ಹೊತ್ತೇನು, ಅವರದ್ದನ್ನೂ ಹೊರುವ ಶಕ್ತಿ ನನ್ನಲ್ಲಿರಲಿಲ್ಲ. ಹಾಗಾಗಿ ಪುತ್ತೂರಿನ ಡಾಕ್ಟರಮ್ಮ, ಮಾತ್ರೆ ಸಾಕು, ಇನ್ನು ಇಂಜೆಕ್ಷನ್ ಕೊಟ್ಟು ಮೊಟ್ಟೆ ಬೆಳೆಸಿ, ಹೊರಗೆ ತೆಗೆದು, ಭ್ರೂಣ ಮಾಡಿ ಗರ್ಭಕ್ಕೆ ಇಡುವ ಚಿಕಿತ್ಸೆಗೆ ಹೋಗುವ ಎಂದಾಗ, ನಾವಿಬ್ಬರೂ ಬಸ್ಸಿನಲ್ಲಿ ಕೂತು ಒಂದು ತೀರ್ಮಾನ ಮಾಡಿದೆವು. ಅತ್ತೆಗೆ ಹೇಳುವುದು ಬೇಡ. ಫಲಿಸಿದರೆ ಆಗ ಹೇಳಿದರಾಯಿತು, ಫಲಿಸದಿದ್ದರೆ ಅವರಿಗೆ ಗೊತ್ತೇ ಆಗದಿರಲಿ.

ಆ ಡಾಕ್ಟರಮ್ಮನಿಗೆ ವಿವರಿಸಿ ಹೇಳುವ ತಾಳ್ಮೆಯಿತ್ತು. ಇಂಜೆಕ್ಷನಿನಲ್ಲಿ ಎಂತ ಇರುತ್ತದೆ, ಯಾಕೆ ಇಷ್ಟೊಂದು ಅಂತ ನಾನು ಕೇಳಿದಾಗ ಅವರು ಪೆನ್ನು ಕೆಳಗಿಟ್ಟರು.

"ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂರ್ತೀರಲ್ಲ, ಹಾಗೆ ಯೋಚಿಸಿ. ಪ್ರತಿ ತಿಂಗಳು ಹತ್ತಾರು ಮೊಟ್ಟೆ ಊಟಕ್ಕೆ ಕೂರ್ತವೆ. ನಮ್ಮ ದೇಹ ಹೊಟ್ಟೆ ತುಂಬ ಬಡಿಸುದು ಒಂದೇ ಎಲೆಗೆ. ಅದೊಂದು ಬೆಳೀತದೆ, ಉಳಿದದ್ದು ಬಾಡಿ ಹೋಗ್ತದೆ. ನಾವು ಕೊಡುವ ಮೊದಲಿನ ಇಂಜೆಕ್ಷನ್ ಎಲ್ಲ ಎಲೆಗೂ ಬಡಿಸ್ಲಿಕ್ಕೆ. ಹೊಸ ವಸ್ತು ಅಲ್ಲ ಅದು, ನಿಮ್ಮ ದೇಹದಲ್ಲೇ ಇರುವಂಥ ಹಾರ್ಮೋನು, ಜಾಸ್ತಿ ಕೊಡುದು ಅಷ್ಟೆ. ನಾಲ್ಕೈದು ದಿನ ಕಳೆದ ಮೇಲೆ ಅದರ ಜೊತೆ ಎರಡನೆಯದ್ದೂ ಶುರು ಮಾಡುದು. ಊಟ ಮುಗಿಯುವ ಮೊದಲು ಯಾರೂ ಪಂಕ್ತಿಯಿಂದ ಏಳದ ಹಾಗೆ ನೋಡಿಕೊಳ್ಳುದು ಅದರ ಕೆಲಸ. ಮೊದಲೇ ಎದ್ದು ಹೋದ ಮೊಟ್ಟೆ ನಮ್ಮ ಕೈಗೆ ಸಿಗುದಿಲ್ಲ."

"ಮತ್ತೆ ಕಡೆಯದ್ದು ಒಂದು ಉಂಟು ಅಂದ್ರಲ್ಲ?" ಅಂತ ಇವರು ಕೇಳಿದರು.

"ಎಲ್ಲರ ಊಟ ಆದ ಮೇಲೆ ಹಿರಿಯರು ಗೋವಿಂದ ಹೇಳ್ತಾರಲ್ಲ, ಅದೇ ಅದು. ಇನ್ನು ಏಳಬಹುದು ಅಂತ ಮೊಟ್ಟೆಗೆ ಹೇಳುದು. ಅದು ಕೊಟ್ಟು ಒಂದೂವರೆ ದಿನಕ್ಕೆ ನಾವು ಎಲ್ಲವನ್ನೂ ತೆಗೀಬೇಕು, ಆಚೀಚೆ ಆಗ್ಲಿಕ್ಕಿಲ್ಲ."

ಗೋವಿಂದ ಹೇಳುವ ಮೊದಲು ಪಂಕ್ತಿಯಿಂದ ಏಳುವುದು ನಮ್ಮ ಕಡೆ ದೊಡ್ಡ ಅಮರ್ಯಾದೆ. ಹಾಗಾಗಿ ಆ ವಿವರಣೆ ನನ್ನ ತಲೆಯಲ್ಲಿ ಭದ್ರವಾಗಿ ಕೂತಿತು. ಇವರು ಬಸ್ಸಿನಲ್ಲಿ, "ಅಂದ್ರೆ ಇನ್ನು ಹನ್ನೆರಡು ದಿನ ನಿನ್ನ ಹೊಟ್ಟೆಯಲ್ಲಿ ಛತ್ರದ ಊಟ" ಅಂದರು. ನನಗೆ ಆಗ ನಗು ಬರಲಿಲ್ಲ.

ಬಿಸು, ಅಂದರೆ ನಮ್ಮ ಕಡೆಯ ಯುಗಾದಿ, ಮುಗಿದ ಮರುವಾರ ಚಿಕಿತ್ಸೆ ಶುರುವಾಯಿತು. ಇಂಜೆಕ್ಷನ್ ಅಂದರೆ ಪೆನ್ನಿನ ಹಾಗಿದ್ದದ್ದು. ಹಿಂಬದಿ ತಿರುಗಿಸಿ ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿ, ಹೊಕ್ಕುಳಿನ ಆಚೀಚೆ ಚುಚ್ಚಿಕೊಳ್ಳಬೇಕು, ದಿನಾ ಸಂಜೆ ಒಂದೇ ಹೊತ್ತಿಗೆ. ಅದನ್ನು ತಂಪಿನಲ್ಲಿಡಬೇಕು. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಫ್ರಿಜ್ ಬಿಟ್ಟರೆ ತಂಪು ಎಲ್ಲಿ? ಫ್ರಿಜ್ಜೋ ಅತ್ತೆಯ ರಾಜ್ಯ. ಯಾವ ಪಾತ್ರೆಯಲ್ಲಿ ಯಾವತ್ತಿನ ಸಾರು ಅಂತ ಅವರಿಗೆ ಕಣ್ಣುಮುಚ್ಚಿ ಗೊತ್ತು. ನಾನು ಇಂಜೆಕ್ಷನುಗಳನ್ನು ಹಳೆಯ ಸ್ವೀಟಿನ ಡಬ್ಬಿಗೆ ಹಾಕಿ, ಎಷ್ಟೋ ಯೋಚಿಸಿ ಒಂದು ಸುಳ್ಳು ಹೊಲಿದೆ.

"ಅತ್ತೆ, ಇದು ಮದುವೆ ಬ್ಲೌಸಿಗೆ ಹರಳು ಅಂಟಿಸುವ ಗಮ್ಮು. ಸೆಕೆಗೆ ಹಾಳಾಗ್ತದೆ. ನಡುವಿನ ತಟ್ಟೆಯಲ್ಲಿ ಇಡ್ತೇನೆ, ಮುಟ್ಟಬೇಡಿ."

"ಈಗಿನ ಗಮ್ಮಿಗೂ ಫ್ರಿಜ್ ಬೇಕಾ?"

"ಬೇಕಂತೆ."

"ಆಯ್ತು" ಅಂದರು ಅತ್ತೆ. ಮೊಸರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಜಾಗವನ್ನೂ ಮಾಡಿಕೊಟ್ಟರು.

ಮೊದಲ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ನಾವಿಬ್ಬರೂ ಮಂಚದ ಮೇಲೆ ಕೂತೆವು. ನಾನು ದಿನವಿಡೀ ಸೂಜಿಯ ಜೊತೆ ಬದುಕುವವಳು, ಬೆರಳಿಗೆ ಮೆಷಿನ್ ಸೂಜಿ ಹೊಕ್ಕರೂ ಬಟ್ಟೆಗೆ ರಕ್ತ ತಾಗೀತು ಅಂತ ಮೊದಲು ಬಟ್ಟೆ ಎಳೆದವಳು. ನನ್ನಿಂದ ಆಗಲಿಲ್ಲ. "ಕೊಡು, ನಾನು ಹಾಕ್ತೇನೆ" ಅಂತ ಇವರು ತೆಗೆದುಕೊಂಡರು. ಹನ್ನೊಂದು ಕೆವಿ ಲೈನಿನ ಕೆಲಸ ಮಾಡುವ ಮನುಷ್ಯನ ಕೈ ಎಲೆಯ ಹಾಗೆ ನಡುಗುತ್ತಿತ್ತು. ಕಡೆಗೆ ನನಗೇ ಸಿಟ್ಟು ಬಂದು ಕಸಿದುಕೊಂಡೆ. ಬ್ಲೌಸಿಗೆ ಟಕ್ಸ್ ಹಿಡಿಯುವಾಗ ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿಯುತ್ತೇವಲ್ಲ, ಹೊಟ್ಟೆಯ ಚರ್ಮವನ್ನು ಹಾಗೆ ಹಿಡಿದು ಚುಚ್ಚಿದೆ. ಇಷ್ಟೆಯಾ ಅನಿಸಿತು. ನೋವಾದದ್ದು ಆಮೇಲೆ, ಅದೂ ಹೊಟ್ಟೆಗಲ್ಲ. ಒಂದು ಮಗುವಿಗಾಗಿ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಕಳ್ಳರ ಹಾಗೆ ಕೂರಬೇಕಾಯಿತಲ್ಲ ಅಂತ ತುಂಬ ಹೊತ್ತು ಬೇಜಾರಾಯಿತು.

ಅದು ಮದುವೆಗಳ ಕಾಲ. ಅಂಗಡಿಯಲ್ಲಿ ಬ್ಲೌಸುಗಳು ಕಟ್ಟು ಕಟ್ಟಾಗಿ ಬಿದ್ದಿದ್ದವು. ವಾರ ಕಳೆಯುವಾಗ ನನ್ನ ಹೊಟ್ಟೆ ಊದಿಕೊಂಡು, ಕೂತು ಪೆಡಲ್ ತುಳಿಯುವುದು ಕಷ್ಟವಾಯಿತು. ನನ್ನದೇ ಬ್ಲೌಸಿನ ಹುಕ್ಕು ಹಾಕಲಾಗದೆ ಎರಡು ಹೊಲಿಗೆ ಬಿಚ್ಚಿದೆ. ನೂಲು ತುಂಡಾದರೆ ಕಣ್ಣಿನಲ್ಲಿ ನೀರು ಬರುತ್ತಿತ್ತು, ಮರುಗಳಿಗೆ ಯಾರದೋ ಮಾತಿಗೆ ಸಿಡುಕು. ಅದೆಲ್ಲ ಹಾರ್ಮೋನಿನ ಆಟ, ಹೆದರಬೇಡಿ ಅಂತ ಆಸ್ಪತ್ರೆಯ ಫಿಲೋಮಿನಾ ಸಿಸ್ಟರ್ ಹೇಳಿದ್ದರು. ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಮೊದಲ ಬಸ್ಸಿಗೆ ಪುತ್ತೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ರಕ್ತ ಕೊಟ್ಟು, ಹತ್ತು ಗಂಟೆಗೆ ಅಂಗಡಿ ತೆಗೆಯುತ್ತಿದ್ದೆ. ಸ್ಕ್ಯಾನಿನ ಪರದೆಯಲ್ಲಿ ಕಪ್ಪು ಕಪ್ಪು ಗುಳ್ಳೆಗಳು ಕಾಣುತ್ತಿದ್ದವು. "ಎಲ್ಲರೂ ಚಂದ ಊಟ ಮಾಡ್ತಾ ಇದ್ದಾರೆ" ಅನ್ನುತ್ತಿದ್ದರು ಡಾಕ್ಟರಮ್ಮ. ಆ ಗುಳ್ಳೆಗಳನ್ನು ನೋಡಿದ ದಿನ ನಾನು ಪಿನ್ನು ಕಚ್ಚದೆಯೇ ಗಿರಾಕಿಗಳ ಜೊತೆ ಮಾತಾಡಿದೆ. ಆಸೆ ಹುಟ್ಟಿತ್ತು. ಅದನ್ನು ಒಪ್ಪಿಕೊಳ್ಳಲು ಹೆದರಿಕೆಯಾಗುತ್ತಿತ್ತು, ಆದರೆ ಹುಟ್ಟಿತ್ತು.

ಎರಡನೆಯ ಇಂಜೆಕ್ಷನ್ ಶುರುವಾಗಿ ಎರಡು ಮೂರು ದಿನವಾಗಿರಬೇಕು. ಹಿಂದಿನ ಸಂಜೆಯ ಗುಡುಗು ಗಾಳಿಗೆ ಕಡಬದ ಕಡೆ ಮರ ಬಿದ್ದು ಕಂಬಗಳು ಮುರಿದಿದ್ದವು. ಬೆಳಿಗ್ಗೆ ಚಾ ಕುಡಿಯುತ್ತ ಇವರು ಹೇಳಿದರು, "ಇವತ್ತು ಮಧ್ಯಾಹ್ನದ ಮೇಲೆ ಲೈನ್ ಆಫ್ ಮಾಡ್ಲಿಕ್ಕುಂಟು. ಸಂಜೆ ಪುನಃ ಗಾಳಿ ಬಂದ್ರೆ ನಾಳೆಗೂ ಕರೆಂಟ್ ಇಲ್ಲ ಅಂತ ಇಟ್ಕೊಳ್ಳಿ." ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನ ತಂಪು ಸಂಜೆಯವರೆಗೆ ಸಾಕು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಅಂಗಡಿಗೆ ಹೊರಟೆ. ಆ ಮಾತನ್ನು ದೋಸೆ ಹೊಯ್ಯುತ್ತಿದ್ದ ಅತ್ತೆಯೂ ಕೇಳಿಸಿಕೊಂಡಿದ್ದರು ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಕರೆಂಟ್ ಹೋಗುವ ಸುಳಿವು ಸಿಕ್ಕಿದರೆ ನಮ್ಮ ಕಡೆಯ ಹೆಂಗಸರು ಮಾಡುವ ಮೊದಲ ಕೆಲಸ ಒಂದುಂಟು. ಹಾಲು, ಮೀನು, ಅರೆದ ಮಸಾಲೆ, ಹಾಳಾಗಬಾರದ್ದು ಏನಿದ್ದರೂ ಫ್ರೀಜರಿಗೆ ಏರಿಸಿ ಕಲ್ಲಿನ ಹಾಗೆ ಗಟ್ಟಿ ಮಾಡಿಬಿಡುವುದು. ಗಟ್ಟಿಯಾದದ್ದು ಎರಡು ದಿನಕ್ಕೂ ಜಗ್ಗುವುದಿಲ್ಲ. ಊರವರಿಗೆ ಈ ಸುಳಿವು ಮೋಡ ನೋಡಿ ಸಿಗುತ್ತದೆ, ಲೈನ್‌ಮನ್ನನ ತಾಯಿಗೆ ಚಾದ ಹೊತ್ತಿಗೇ ಸಿಗುತ್ತದೆ.

ಸಂಜೆ ಆಕಾಶ ಕಪ್ಪಾಗಿ, ಗಾಳಿ ಎದ್ದು, ಪೇಟೆಯಲ್ಲಿ ತಗಡು ಹಾರುವ ಸದ್ದು ಕೇಳುವಾಗ ಮನೆಗೆ ಬಂದೆ. ಕರೆಂಟ್ ಇರಲಿಲ್ಲ. ಫ್ರಿಜ್ ತೆಗೆದರೆ ನಡುವಿನ ತಟ್ಟೆ ಖಾಲಿ.

"ಅತ್ತೆ, ನನ್ನ ಗಮ್ಮಿನ ಡಬ್ಬಿ ಎಲ್ಲಿ?"

"ಉಂಟು ಉಂಟು. ಬೆಳಿಗ್ಗೆಯೇ ಫ್ರೀಜರಿನಲ್ಲಿ ಐಸಿನ ನಡುವೆ ಹೂತು ಇಟ್ಟಿದ್ದೇನೆ. ನಾಳೆ ಸಂಜೆವರೆಗೆ ಎಂತದೂ ಆಗುದಿಲ್ಲ, ನೋಡು" ಅಂದರು, ಒಳ್ಳೆಯ ಕೆಲಸ ಮಾಡಿದವರ ಖುಷಿಯಲ್ಲಿ.

ತೆಗೆದು ನೋಡಿದೆ. ಪೆನ್ನಿನ ಒಳಗಿನ ಮದ್ದು ಗಾಜಿಗೆ ಅಂಟಿ ಬಿಳಿಯಾಗಿತ್ತು. ಅಲುಗಾಡಿಸಿದರೆ ಅಲುಗಲಿಲ್ಲ. ಇನ್ನೊಂದೂ ಹಾಗೆಯೇ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಿಟ್ಟು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಇಷ್ಟು ದಿನದ ನೋವು, ಆ ಕಪ್ಪು ಗುಳ್ಳೆಗಳು, ಎಲ್ಲ ಕೈಯಿಂದ ಜಾರಿ ಹೋಯಿತು ಅನಿಸಿತು.

"ಅತ್ತೆ, ಇದು ಗಮ್ಮು ಅಲ್ಲ."

"ಗೊತ್ತುಂಟು" ಅಂದರು ಅತ್ತೆ.

ನಾನು ತಲೆಯೆತ್ತಿ ನೋಡಿದೆ.

"ಗಮ್ಮಿನ ಡಬ್ಬಿ ತೆಗೀಲಿಕ್ಕೆ ಯಾರಾದ್ರೂ ಫ್ರಿಜ್ಜಿನ ಎದುರು ಕೈ ಮುಗೀತಾರಾ? ನೀನು ದಿನಾ ಮುಗೀತಿ. ನಾನು ಅಡಿಗೆ ಕೋಣೆಯಿಂದ ನೋಡ್ತೇನಲ್ಲ. ಮಕ್ಕಳಾಗುವ ಮದ್ದು ಅಂತ ಅಂದಾಜಾಯ್ತು. ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ." ಮತ್ತೆ ನನ್ನ ಮುಖ ನೋಡಿ ಅವರ ಸ್ವರ ಇಳಿಯಿತು. "ಯಾಕೆ, ಫ್ರೀಜರಿನಲ್ಲಿ ಇಡ್ಲಿಕ್ಕಿಲ್ವಾ?"

ಕೈ ಮುಗಿಯುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಇಡಬಾರದು ಅಂತ ಹೇಳುವ ಅಗತ್ಯವೂ ಬರಲಿಲ್ಲ. ಅತ್ತೆ ಅಡಿಗೆ ಮನೆಯ ಬಾಗಿಲಿಗೆ ಒರಗಿ ನಿಂತು, "ಅಯ್ಯೋ ದೇವರೇ" ಅಂದು, ಮತ್ತೆ ತುಳುವಿನಲ್ಲಿ ಏನೋ ಹೇಳಿಕೊಂಡರು.

ಫಿಲೋಮಿನಾ ಸಿಸ್ಟರಿಗೆ ಫೋನ್ ಮಾಡಿದೆ. "ಗಟ್ಟಿಯಾದದ್ದನ್ನು ಕರಗಿಸಿ ಹಾಕ್ಲಿಕ್ಕಿಲ್ಲ, ಅದರ ಶಕ್ತಿ ಹೋಗಿರ್ತದೆ, ಬಿಸಾಡಿ" ಅಂದರು. "ಆದ್ರೆ ಇವತ್ತಿನದ್ದು ತಪ್ಪಿಸ್ಬೇಡಿ. ಮೊಟ್ಟೆ ದೊಡ್ಡದಾಗಿವೆ, ಎರಡನೆಯದ್ದು ತಪ್ಪಿದ್ರೆ ಮೊದಲೇ ಒಡೆದು ಹೋಗ್ಬಹುದು. ಒಂದೆರಡು ಗಂಟೆ ತಡ ಆದ್ರೆ ತೊಂದರೆ ಇಲ್ಲ. ಆಸ್ಪತ್ರೆಯ ಕೆಳಗಿನ ಮೆಡಿಕಲ್ಲಿನಲ್ಲಿ ತೆಗೆದಿಡ್ಲಿಕ್ಕೆ ಹೇಳ್ತೇನೆ, ಅವರು ಬಾಗಿಲು ಹಾಕುವ ಮೊದಲು ಬನ್ನಿ."

ಇವರಿಗೆ ಫೋನ್ ಹೋಗಲಿಲ್ಲ. ಕಡಬದ ಆಚೆ ಯಾವ ಕಂಬದ ಮೇಲಿದ್ದರೋ. ಬಸ್ಸು ನಿಂತಿತ್ತು. ನಾನು ಯೋಚಿಸುತ್ತಿರುವಾಗಲೇ ಅತ್ತೆ ಸೀರೆ ಬದಲಿಸಿ, ಕೊಡೆ ಹಿಡಿದು ಅಂಗಳದಲ್ಲಿದ್ದರು. ಮನೆಗೆ ಹೊರಟಿದ್ದ ಪೇಟೆಯ ರಿಕ್ಷಾದ ಇಬ್ರಾಹಿಮನನ್ನು ರಸ್ತೆಯ ನಡುವೆ ನಿಂತು ತಡೆದರು. "ಪುತ್ತೂರಿಗೆ ಹೋಗ್ಬೇಕು ಮಾರಾಯ."

"ಈ ಗಾಳಿಗೆ? ದಾರಿಯಲ್ಲಿ ಮರ ಬಿದ್ದಿದೆಯಂತೆ ಅಮ್ಮ."

"ಬಿದ್ದಲ್ಲಿಗೆ ಹೋಗಿ ನೋಡುವ."

ಮರ ಬಿದ್ದದ್ದು ಹೌದು. ದಾರಿಯ ನಡುವೆ ದೊಡ್ಡ ಮಾವಿನ ಮರ ಅಡ್ಡ ಮಲಗಿತ್ತು. ಐದಾರು ಮಂದಿ ಟಾರ್ಚಿನ ಬೆಳಕಿನಲ್ಲಿ ಕೊಂಬೆ ಕಡಿಯುತ್ತಿದ್ದರು. ಮಳೆ ಹನಿಯುತ್ತಿತ್ತು. ಅತ್ತೆ ಇಳಿದು ಅವರ ಹತ್ತಿರ ಹೋದರು. "ನಾನು ಲೈನ್‌ಮನ್ ಜಗದೀಶನ ಅಮ್ಮ. ರಿಕ್ಷಾ ದಾಟುವಷ್ಟು ಒಂದು ಬದಿ ಬಿಡಿಸಿಕೊಡ್ತೀರಾ? ಅರ್ಜೆಂಟ್ ಉಂಟು."

ಅವರಲ್ಲೊಬ್ಬರು ಕತ್ತಿ ನಿಲ್ಲಿಸಿ ರಿಕ್ಷಾದೊಳಗೆ ಬಗ್ಗಿ ನನ್ನನ್ನು ನೋಡಿದರು. "ಯಾರಿಗೆ ಹುಷಾರಿಲ್ಲ? ಆಸ್ಪತ್ರೆಗಾ?"

ಇಷ್ಟು ದಿನ ಮುಚ್ಚಿಟ್ಟದ್ದು ಈ ನಡುರಸ್ತೆಯಲ್ಲಿ ಹೊರಬೀಳುತ್ತದೆ ಅಂದುಕೊಂಡೆ. ಅತ್ತೆ ಒಂದು ಗಳಿಗೆಯೂ ತಡಮಾಡಲಿಲ್ಲ.

"ಹುಷಾರಿಲ್ಲದ್ದು ಯಾರಿಗೂ ಅಲ್ಲ. ಸೊಸೆಗೆ ಗಮ್ಮು ತರ್ಲಿಕ್ಕುಂಟು."

"ಗಮ್ಮಾ?"

"ಮದುವೆ ಬ್ಲೌಸಿಗೆ ಹರಳು ಅಂಟಿಸುವ ಗಮ್ಮು. ನಾಳೆ ಬೆಳಿಗ್ಗೆ ಮದುಮಗಳಿಗೆ ಬ್ಲೌಸ್ ಕೊಡ್ಬೇಕು, ಗಮ್ಮು ಮುಗ್ದಿದೆ. ಎಂತ ಮಾಡುದು ಹೇಳಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಮ್ಮಿಗಾಗಿ ಬಿರುಗಾಳಿಯಲ್ಲಿ ಹೊರಟ ಅತ್ತೆ ಸೊಸೆಯ ಬಗ್ಗೆ ಅವರು ಎಂತ ಅಂದುಕೊಂಡರೋ, ಮದುಮಗಳ ವಿಷಯ ಕೇಳಿ ಬೇಗ ಬೇಗ ಕೊಂಬೆ ಎಳೆದು ದಾರಿ ಬಿಡಿಸಿದರು. ರಿಕ್ಷಾ ಮುಂದೆ ಹೋದ ಮೇಲೆ ನಾನು ಅತ್ತೆಯ ಕಡೆ ನೋಡಿದೆ. ಅವರು ಹೊರಗೆ ನೋಡುತ್ತ ಕೂತಿದ್ದರು. ಅವರ ಕೈ ನನ್ನ ಮೊಣಕಾಲ ಮೇಲಿತ್ತು.

ಮೆಡಿಕಲ್ಲಿನವರು ಅರ್ಧ ಶಟರ್ ಎಳೆದು ನಮಗಾಗಿ ಕಾಯುತ್ತಿದ್ದರು. ಅವರ ಒಳಗಿನ ಕೋಣೆಯಲ್ಲಿ, ಇನ್ವರ್ಟರಿನ ದೀಪದಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಾನು ಸೀರೆ ಸರಿಸಿದೆ. ಹೊಟ್ಟೆಯ ತುಂಬ ನೀಲಿ ಹಸಿರು ಕಲೆಗಳು. ಅತ್ತೆ ನೋಡಿದರು. ಒಂದು ಬೆರಳಿನಿಂದ ಒಂದು ಕಲೆಯನ್ನು ಮುಟ್ಟಿದರು.

"ಇಷ್ಟು ದಿನ ಒಬ್ಬಳೇ ಚುಚ್ಚಿಕೊಂಡದ್ದಾ?"

"ನೋವಾಗುದಿಲ್ಲ ಅತ್ತೆ."

"ಸುಳ್ಳು ಹೇಳ್ಬೇಡ. ಗಮ್ಮಿನದ್ದೇ ಸಾಕು."

ಸ್ಪಿರಿಟ್ ಹಾಕಿದ ಹತ್ತಿ ಹಿಡಿದು ಅವರೇ ಒರೆಸಿದರು. ಆ ಸ್ಪಿರಿಟಿನ ತಣ್ಣನೆ ವಾಸನೆ, ಅತ್ತೆಯ ಸೀರೆಯ ಮಳೆ ವಾಸನೆ, ಎರಡೂ ಸೇರಿದ್ದು ಈಗಲೂ ನನ್ನ ಮೂಗಿನಲ್ಲಿದೆ. ಮರುದಿನದಿಂದ ಬಾಗಿಲು ಹಾಕುವ ಕೆಲಸ ತಪ್ಪಿತು. ಸಂಜೆ ಹೊತ್ತಾಗುವಾಗ ಅತ್ತೆಯೇ ಫ್ರಿಜ್ಜಿನಿಂದ ಪೆನ್ನು ತಂದು, ಹತ್ತಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಇವರಿಗೆ ನಡುಗುವ ಕೆಲಸವೂ ಉಳಿಯಲಿಲ್ಲ.

ಗೋವಿಂದ ಹೇಳುವ ಇಂಜೆಕ್ಷನಿನ ದಿನ ಬಂತು, ಮಂಗಳೂರಿಗೆ ಹೋಗಿ ಮೊಟ್ಟೆ ತೆಗೆಸಿಯೂ ಆಯಿತು. ತುಂಬಾ ಮೊಟ್ಟೆಗಳು ಬೆಳೆದಿದ್ದವು, ಒಳ್ಳೆಯ ಭ್ರೂಣಗಳಾದವು. ಆದರೆ ಹಾರ್ಮೋನಿಗೆ ನನ್ನ ಅಂಡಾಶಯ ಹೆಚ್ಚೇ ಊದಿಕೊಂಡಿತ್ತು. ಈಗಲೇ ಗರ್ಭಕ್ಕೆ ಇಟ್ಟರೆ ನನ್ನ ಜೀವಕ್ಕೆ ತೊಂದರೆ, ಎಲ್ಲವನ್ನೂ ಶೀತದಲ್ಲಿಟ್ಟು ಎರಡು ಮೂರು ತಿಂಗಳು ಬಿಟ್ಟು ನೋಡುವ ಅಂದರು ಡಾಕ್ಟರಮ್ಮ. ಮನೆಗೆ ಬಂದು ಇವರು ಅತ್ತೆಗೆ ಇದನ್ನು ವಿವರಿಸಿದರು. ಅತ್ತೆ ಫ್ರಿಜ್ಜಿನ ಕಡೆ ನೋಡಿ ಕೇಳಿದರು.

"ಮದ್ದನ್ನು ಫ್ರೀಜರಿಗೆ ಹಾಕಿದ್ದಕ್ಕೆ ಹಾಳಾಯ್ತು ಅಂದ್ರಿ. ಈಗ ಮಕ್ಕಳನ್ನೇ ಫ್ರೀಜರಿಗೆ ಹಾಕಿ ಬಂದಿದ್ದೀರಾ?"

ನಾನು ಹೊಟ್ಟೆ ಹಿಡಿದು ನಕ್ಕೆ. ಊದಿದ ಹೊಟ್ಟೆ ನಕ್ಕರೆ ನೋಯುತ್ತಿತ್ತು, ಆದರೂ ನಿಲ್ಲಲಿಲ್ಲ. ಅತ್ತೆಯೂ ನಕ್ಕರು. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಕೇಳಿದ ದೊಡ್ಡ ನಗು ಅದೇ. ಅದಾಗಿ ಕೆಲವೇ ದಿನಕ್ಕೆ ಪತ್ತನಾಜೆ ಬಂತು. ಭೂತದ ಕೋಲ, ಯಕ್ಷಗಾನದ ಆಟ, ಮದುವೆಗಳ ಗದ್ದಲವೆಲ್ಲ ಆ ದಿನಕ್ಕೆ ನಮ್ಮ ಕಡೆ ಮುಗಿಯುತ್ತದೆ, ಕುಣಿಯುವವರು ಗೆಜ್ಜೆ ಬಿಚ್ಚಿಡುತ್ತಾರೆ. ಬ್ಲೌಸಿನ ರಾಶಿ ಕರಗಿ ನನಗೂ ಉಸಿರಾಡಲು ಪುರುಸೊತ್ತಾಯಿತು.

ಜಡಿಮಳೆಯ ಆಟಿ ತಿಂಗಳು ಕಳೆದ ಮೇಲೆ ಮೊದಲ ಸಲ ಭ್ರೂಣ ಇಟ್ಟರು. ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಇನ್ನೊಮ್ಮೆ ಇಟ್ಟರು, ದಿನಾ ಸೊಂಟಕ್ಕೆ ಎಣ್ಣೆಯಂಥ ದಪ್ಪ ಮದ್ದಿನ ಇಂಜೆಕ್ಷನ್ ಕೊಟ್ಟರು. ಅದೂ ನಿಲ್ಲಲಿಲ್ಲ. ಫೋನಿನಲ್ಲಿ ವಿಷಯ ತಿಳಿದಾಗ ನಾನು ಅಂಗಡಿಯಲ್ಲಿದ್ದೆ. ಯಾರದ್ದೋ ಸೀಮಂತದ ಬ್ಲೌಸು ಕೈಯಲ್ಲಿತ್ತು. ಅದನ್ನು ಮುಗಿಸಿಯೇ ಎದ್ದೆ. ಮುಗಿಸದಿದ್ದರೆ ಆ ಹುಡುಗಿಗೆ ಒಳ್ಳೆಯದಲ್ಲ ಅನಿಸಿತು. ಮನೆಗೆ ಬಂದು ಅತ್ತೆಯ ಮಡಿಲಲ್ಲಿ ಮುಖ ಇಟ್ಟು ಅತ್ತುಬಿಟ್ಟೆ. ಈ ಸಲ ಅವರು ಹಿತ್ತಲಿಗೆ ಹೋಗಲಿಲ್ಲ.

ಆದರೆ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಕಡೆಯ ಸಲ ಡಾಕ್ಟರಮ್ಮನನ್ನು ನೋಡಲು ಹೋದಾಗ ತಾವೂ ಬರುತ್ತೇನೆಂದು ಬಂದರು. ಎಲ್ಲ ಮಾತು ಮುಗಿದು ಏಳುವಾಗ ಕೇಳಿದರು, "ಡಾಕ್ಟ್ರೇ, ನಾನು ಆ ದಿನ ಮದ್ದು ಫ್ರೀಜರಿಗೆ ಹಾಕಿದ್ದಕ್ಕೆ ಹೀಗಾದದ್ದಾ?"

"ಅಲ್ಲ ಅಮ್ಮ. ಆ ಮದ್ದು ಇವರ ಹೊಟ್ಟೆಗೆ ಹೋಗ್ಲೇ ಇಲ್ವಲ್ಲ. ಮೊಟ್ಟೆ ಎಲ್ಲ ಚೆನ್ನಾಗಿಯೇ ಬೆಳೆದಿತ್ತು. ಎಲ್ಲ ಸರಿ ಇದ್ದರೂ ಕೆಲವೊಮ್ಮೆ ನಿಲ್ಲುದಿಲ್ಲ, ಯಾಕೆ ಅಂತ ನಮಗೂ ಹೇಳ್ಲಿಕ್ಕೆ ಆಗುದಿಲ್ಲ."

ಅತ್ತೆ ತಲೆಯಾಡಿಸಿದರು. ನಂಬಲಿಲ್ಲ. ಆಮೇಲೆ ನಾನೂ ಎಷ್ಟೋ ಸಲ ಹೇಳಿದೆ, ಇವರೂ ಹೇಳಿದರು. ಇನ್ನೊಮ್ಮೆ ಪ್ರಯತ್ನಿಸುವುದು ಬೇಡ ಅಂತ ನಾನು ಹೇಳಿದಾಗಲೂ, ಅದು ನನ್ನ ದೇಹ ದಣಿದದ್ದಕ್ಕೆ ಹೇಳಿದ್ದು, ತಮ್ಮ ತಪ್ಪಿಗಲ್ಲ ಅಂತ ಅವರಿಗೆ ಒಪ್ಪಿಗೆಯಾಗಲಿಲ್ಲ. ಕರೆಂಟ್ ಹೋಗುತ್ತದೆ ಅಂತ ಇವರು ಹೇಳಿದ ದಿನಗಳಲ್ಲಿ ಅತ್ತೆ ಫ್ರೀಜರಿನ ಬಾಗಿಲನ್ನು ಮುಟ್ಟುವುದನ್ನೇ ಬಿಟ್ಟರು. ಹಾಲು ಒಡೆದರೆ ಒಡೆಯಲಿ ಅನ್ನುತ್ತಿದ್ದರು. ನನಗೆ ಮಗುವಾಗದ ನೋವು ವರ್ಷ ಕಳೆದ ಹಾಗೆ ಮೆತ್ತಗಾಯಿತು. ಅವರು ಆ ಫ್ರಿಜ್ಜಿನ ಎದುರು ಹಾಗೆ ನಿಂತದ್ದನ್ನು ನೋಡುವಾಗ ಆಗುವ ನೋವು ಮೆತ್ತಗಾಗಲಿಲ್ಲ.

ಕಳೆದ ವಾರ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಹೆಸರು ಅಶ್ವಿನಿ. ಕೆದಂಬಾಡಿಯ ಹುಡುಗಿ, ಮದುವೆಯಾಗಿ ಬಂದದ್ದು ನಮ್ಮ ಸವಣೂರಿಗೇ. ಕತೆ ಕೇಳುತ್ತ ಕೇಳುತ್ತ ಅವಳ ಮುಖ ಸಡಿಲವಾಯಿತು, ಮಕ್ಕಳನ್ನು ಫ್ರೀಜರಿಗೆ ಹಾಕಿದ ಮಾತಿಗೆ ಜೋರಾಗಿ ನಕ್ಕಳು. ಆಮೇಲೆ ಕೇಳಿದಳು, "ನಿಮಗೆ ಆಯ್ತಾ ಅಕ್ಕ?"

"ಇಲ್ಲ" ಅಂದೆ. "ನಿನಗೆ ಆಗುದಿಲ್ಲ ಅಂತ ಅಲ್ಲ. ನನ್ನ ಜೊತೆ ಆಸ್ಪತ್ರೆಯ ಬೆಂಚಿನಲ್ಲಿ ಕೂರ್ತಿದ್ದವರ ಮಕ್ಕಳು ಈಗ ಶಾಲೆಗೆ ಹೋಗ್ತಾರೆ."

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ನಮ್ಮ ಮನೆಯಲ್ಲಿ ಹತ್ತು ಜನ. ಫ್ರಿಜ್ಜಿನಲ್ಲಿ ಎಂತ ಇಟ್ಟರೂ ಅದೆಂತ ಇದೆಂತ ಅಂತ ಕೇಳ್ತಾರೆ. ಎಲ್ಲಿ ಅಡಗಿಸುದು ಅಂತಲೇ ಗೊತ್ತಾಗುದಿಲ್ಲ."

"ನಮ್ಮಲ್ಲಿ ಇಡು. ಸಂಜೆ ಬಂದು ಹಾಕಿಕೊಂಡು ಹೋಗು. ಟೈಲರ್ ಹತ್ರ ಹೋಗ್ತೇನೆ ಅಂತ ಹೇಳು. ಒಂದು ಬ್ಲೌಸಿಗೆ ಟೈಲರ್ ಹತ್ತು ಸಲ ಓಡಾಡಿಸುದು ಲೋಕಕ್ಕೇ ಗೊತ್ತಿದ್ದದ್ದು, ಯಾರೂ ಸಂಶಯ ಪಡುದಿಲ್ಲ."

ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಮನೆಯಲ್ಲಿ ಪಕ್ಕದ ಜಲಜಕ್ಕ ಹೊಲಿದಿಟ್ಟ ಬ್ಲೌಸ್ ಕೊಂಡೊಯ್ಯಲು ಬಂದು ಅತ್ತೆಯ ಜೊತೆ ಮಾತಾಡುತ್ತ ಕೂತಿದ್ದರು. ಅಶ್ವಿನಿ ಬಾಗಿಲಲ್ಲೇ ಅಳುಕಿ ನಿಂತಳು. ನಾನು ಅತ್ತೆಯನ್ನು ಒಳಗೆ ಕರೆದು, ಕಿವಿಯಲ್ಲಿ ಎರಡೇ ಮಾತು ಹೇಳಿದೆ. ಅವರು ಅಶ್ವಿನಿಯ ಮುಖ ನೋಡಿದರು, ಬ್ಯಾಗು ನೋಡಿದರು. ಎರಡು ಕೈಯನ್ನೂ ಸೆರಗಿಗೆ ಒರೆಸಿ ಮುಂದೆ ಚಾಚಿದರು.

ಡಬ್ಬಿ ತೆಗೆದುಕೊಂಡು ಹೋಗಿ ಫ್ರಿಜ್ ತೆರೆದರು. ನಡುವಿನ ತಟ್ಟೆಯ ಮೊಸರು, ಮಾವಿನ ಹಣ್ಣು, ಎಲ್ಲವನ್ನೂ ಕೆಳಗಿಳಿಸಿದರು. ತಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಡಬ್ಬಿಯೊಳಗಿನ ಪೆಟ್ಟಿಗೆಯನ್ನು ತೆಗೆದು ನಟ್ಟನಡುವೆ ಇಟ್ಟು, ಫ್ರೀಜರಿನ ಬಾಗಿಲು ಭದ್ರವಾಗಿ ಹಾಕಿದೆಯಾ ಅಂತ ಒತ್ತಿ ನೋಡಿದರು. ಆಮೇಲೆ ತೆರೆದ ಫ್ರಿಜ್ಜಿನ ಎದುರು ನಿಂತು ಕೈ ಮುಗಿದರು.

ಜಲಜಕ್ಕ ಜಗುಲಿಯಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು. "ಅದೆಂತದು, ಅಷ್ಟು ಜೋಪಾನ?"

"ಗಮ್ಮು" ಅಂದರು ಅತ್ತೆ, ಫ್ರಿಜ್ ಮುಚ್ಚುತ್ತ. "ಫ್ರೀಜರಿಗೆ ಹಾಕ್ಲಿಕ್ಕಿಲ್ಲ."